ಒಂದು ಎಳೆ ಸುಟ್ಟು ನೋಡಿದವಳು

ಬೆಳಿಗ್ಗೆ ಎದ್ದು ಬಾಗಿಲು ಗುಡಿಸಿ ನೀರು ಹಾಕಿದೆ. ನಲ್ಲಿಯಲ್ಲಿ ನೀರು ಬಂದಿತ್ತು; ತೊಟ್ಟಿ ತುಂಬಿಸಿ, ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಸಾವುಕಾರರ ಅಂಗಡಿಯಿಂದ ನಿನ್ನೆ ಬಂದ ರೇಷ್ಮೆ ಲಡಿಯನ್ನು ಬಿಡಿಸಿ ರಾಟೆಗೆ ಹಾಕಿ, ಲಾಳಿಯೊಳಗೆ ಕೂರುವ ಕಂಡಿಕೆ ಒಂದಷ್ಟು ಸುತ್ತಿದೆ. ನಮ್ಮನೆಯವರ ಬಿಳಿ ಪಂಚೆಗೆ ನೀಲಿ ಹಾಕಿ ಒಣಗಿಸಿದೆ. ಆಮೇಲೆ ಪಕ್ಕದ ಮನೆಗೆ ಹೋಗಿ ಬೇಳೆ ಬೇಯಿಸಿದೆ, ವಡೆಗೆ ರುಬ್ಬಿದೆ, ಕರಿದೆ, ಹನ್ನೊಂದನೇ ದಿನದ ಊಟಕ್ಕೆ ಬಂದವರಿಗೆ ಬಡಿಸಿದೆ. ಬಡಿಸುತ್ತ ಬಡಿಸುತ್ತ ಒಬ್ಬ ಹೆಂಗಸಿನ ಜೊತೆ ಜಗಳ ಆಡಿದೆ. ಪಾತ್ರೆ ತೊಳೆದು ಬೋರಲು ಹಾಕಿ ಮನೆಗೆ ಬಂದೆ.

ಇದರಲ್ಲಿ ಜಗಳ ಒಂದು ಬಿಟ್ಟರೆ ಉಳಿದದ್ದೆಲ್ಲ ನಾನು ದಿನವೂ ಮಾಡುವಂಥದ್ದೇ. ನಾನು ಜಗಳ ಆಡುವವಳಲ್ಲ. ತರಕಾರಿಯವನು ಕೊಳೆತ ಟೊಮೆಟೊ ಹಾಕಿದರೂ ಮನೆಗೆ ತಂದು ಕೊಯ್ದು ಬಿಸಾಡುವವಳು. ಜಗಳ ಆಡುತ್ತಿದ್ದವಳು ಪಕ್ಕದ ಮನೆಯ ಅಕ್ಕ. ಇವತ್ತಿನ ಊಟ ಅವಳ ಹೆಸರಿನದೇ ಆದ್ದರಿಂದ ಅವಳ ಪರವಾಗಿ ಜಗಳ ಆಡಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನಾನು ಮದುವೆಯಾಗಿ ಮೊಳಕಾಲ್ಮೂರಿಗೆ ಬಂದಾಗ ನಮ್ಮ ಎರಡೂ ಮನೆಗಳ ನಡುವೆ ಒಂದೇ ಗೋಡೆ, ಆ ಗೋಡೆಯ ಆಚೆಗೆ ಅವಳ ಮಗ್ಗ. ಹೊಸ ಊರಿನಲ್ಲಿ ನನಗೆ ಮೊದಲು ಪರಿಚಯವಾದದ್ದು ಅವಳ ಮುಖವಲ್ಲ, ಅವಳ ಮಗ್ಗದ ಸದ್ದು. ಅವಳು ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ನಡುವಿನ ಲಾಳಿ ಎಸೆಯುತ್ತಿದ್ದಳು. ಅವಳ ಗಂಡ, ನಾನು ಭಾವ ಎನ್ನುವವರು, ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುತ್ತಿದ್ದರು. ಮದುವೆ ಸೀರೆಗೆ ದೊಡ್ಡ ಅಂಚು ಬೇಕಾದಾಗ ಒಬ್ಬರಿಂದ ಆಗುವ ಕೆಲಸವಲ್ಲ ಅದು. ಗಂಡ ಹೆಂಡತಿ ಮಾತು ಬಿಟ್ಟ ದಿನವೂ ಲಾಳಿಗಳು ಮಾತು ಬಿಡುವಂತಿರಲಿಲ್ಲ. ಗೋಡೆಗೆ ಕಿವಿ ಕೊಟ್ಟರೆ ಸಾಕು, ಅವತ್ತು ಅವರಿಬ್ಬರೂ ಹೇಗಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು.

ಕುಳ್ಳಗಿನ ಹೆಂಗಸು. ಮೂಗಿಗೆ ದೊಡ್ಡ ಬೇಸರಿ. ತವರು ರಾಯದುರ್ಗದ ಆಚೆ, ಹಾಗಾಗಿ ಸಿಟ್ಟು ಬಂದಾಗ ತೆಲುಗು. ನಡೆಯುವಾಗ ಎಡಗೈಯನ್ನು ಸೊಂಟಕ್ಕೆ ಇಟ್ಟುಕೊಂಡೇ ನಡೆಯುತ್ತಿದ್ದಳು, ಯಾರೋ ಈಗಷ್ಟೇ ಏನೋ ಅಂದಿದ್ದಾರೆ, ಅವರಿಗೆ ಉತ್ತರ ಕೊಡಲು ಹೊರಟಿದ್ದಾಳೆ ಅನ್ನುವ ಹಾಗೆ. ಯಾವುದನ್ನೂ ಮುಟ್ಟಿ ಮೂಸಿ ನೋಡದೆ ಒಪ್ಪಿದವಳಲ್ಲ. ಚಳ್ಳಕೆರೆಯ ಎಣ್ಣೆ ಅಂಗಡಿಯಲ್ಲಿ ಅಂಗೈಗೆ ನಾಲ್ಕು ಹನಿ ಹಾಕಿಸಿಕೊಂಡು ತಿಕ್ಕಿ ಮೂಸುವಳು. ಕಡಲೆಕಾಯಿ ಕೊಳ್ಳುವಾಗ ಚೀಲದ ತಳಕ್ಕೆ ಕೈ ತೂರಿಸುವಳು. ಒಮ್ಮೆ ಬುಡುಬುಡಿಕೆಯವನು ಬಾಗಿಲಿಗೆ ಬಂದು, "ತಾಯಿ, ಈ ಮನೆಗೆ ಮುಂದೆ ಒಂದು ಗಂಡಾಂತರ ಐತೆ" ಅಂದ. ಅಕ್ಕ ಮಗ್ಗದಿಂದ ಏಳದೆಯೇ, "ಮುಂದಿನದು ಆಮೇಲೆ ಹೇಳುವಂತೆ ಬಿಡಪ್ಪ. ನಿನ್ನೆ ನಮ್ಮನೇಲಿ ಏನು ಸಾರು ಮಾಡಿದ್ದೆ, ಅದನ್ನ ಹೇಳು" ಅಂದಳು. ಅವನು ಬುಡುಬುಡಿಕೆ ಅಲ್ಲಾಡಿಸದೆಯೇ ಮುಂದಿನ ಮನೆಗೆ ಹೋದ.

ಸಾವುಕಾರರು ನೂಲು ಕೊಡುವಾಗಂತೂ ಅವಳದೊಂದು ಪದ್ಧತಿ. ಪ್ರತಿ ಲಡಿಯಿಂದ ಒಂದು ಎಳೆ ಕಿತ್ತು, ಅಂಗಡಿಯ ದೇವರ ದೀಪದಲ್ಲೇ ಸುಟ್ಟು, ಮೂಗಿನ ಹತ್ತಿರ ಹಿಡಿಯುವಳು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಂಟಾದರೆ ಬೇರೇನೋ ಬೆರೆತಿದೆ. ನಮ್ಮ ಕಡೆ ಈ ಪರೀಕ್ಷೆ ಎಲ್ಲರಿಗೂ ಗೊತ್ತು, ಆದರೆ ಸಾವುಕಾರರ ಎದುರಿಗೆ ಯಾರೂ ಮಾಡುವುದಿಲ್ಲ. ಅವರಿಗೆ ಅವಮಾನ ಆಗುತ್ತದಲ್ಲ.

"ಇಷ್ಟು ವರ್ಷದಿಂದ ಕೊಡ್ತಿದೀನಿ, ಇನ್ನೂ ನಂಬಿಕೆ ಇಲ್ಲೇನಮ್ಮ?" ಎಂದು ಅವರು ಕೇಳಿದ್ದರು.

"ಇಷ್ಟು ವರ್ಷ ಸುಟ್ಟು ನೋಡಿದ್ದಕ್ಕೇ ಸಾವ್ಕಾರ್ರೆ, ಇಷ್ಟು ವರ್ಷ ಒಳ್ಳೇದು ಕೊಟ್ಟಿದೀರಿ."

ನಾನು ಅವಳ ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಅವಳಿಗೆ ತಲೆನೋವು ಶುರುವಾಯಿತು. ಹಣೆಯ ನೋವಲ್ಲ. ಬಲಗಣ್ಣಿನ ಹಿಂದೆ, ಒಳಗೆಲ್ಲೋ, ಯಾರೋ ಮೊಳೆ ಹೊಡೆದು ಅಲ್ಲಾಡಿಸುತ್ತಿದ್ದಾರೆ ಎನ್ನುತ್ತಿದ್ದಳು. ಬಲಗಿವಿ ಕಟ್ಟಿದ ಹಾಗೆ. ಬಲಗೆನ್ನೆ ಮುಟ್ಟಿದರೆ ಅವಳದಲ್ಲವೇನೋ ಅನ್ನುವ ಹಾಗೆ ಜೋಮು. ನಮ್ಮ ಬಿಸಿಲು ನಾಡಿನಲ್ಲಿ ಯಾವ ಕಾಯಿಲೆ ಬಂದರೂ ಮೊದಲು ಉಷ್ಣ ಅನ್ನುತ್ತೇವೆ. ನಾನೇ ಅವಳ ನೆತ್ತಿಗೆ ಹರಳೆಣ್ಣೆ ತಟ್ಟಿದೆ, ಮಜ್ಜಿಗೆ ಕುಡಿಸಿದೆ, ಸಬ್ಬಸಿಗೆ ಸೊಪ್ಪಿನ ಸಾರು ಮಾಡಿಕೊಟ್ಟೆ.

ಒಂದು ಮಧ್ಯಾಹ್ನ ಗೋಡೆಯಾಚೆ ಮಗ್ಗ ನಿಂತಿತು. ಅಂಥ ಹೊತ್ತಿನಲ್ಲಿ ನಿಲ್ಲುವ ಮಗ್ಗವಲ್ಲ ಅದು. ಹೋಗಿ ನೋಡಿದರೆ ಅಕ್ಕ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಬಗ್ಗಿ ಕೂತಿದ್ದಾಳೆ.

"ಬಾರೇ ಇಲ್ಲಿ. ಈ ಎಳೆ ಒಂದೈತೋ ಎರಡೈತೋ?"

"ಒಂದೇ ಐತಲ್ಲಕ್ಕ."

"ನಂಗೆ ಎರಡು ಕಾಣ್ತೈತೆ." ಬಲಗಣ್ಣು ಮುಚ್ಚಿದಳು. "ಈಗ ಒಂದು." ತೆಗೆದಳು. "ಈಗ ಎರಡು. ಸಾವ್ಕಾರ್ರು ಕೊಟ್ಟಿದ್ದಕ್ಕಿಂತ ಜಾಸ್ತಿ ನೂಲು ಬಂದೈತೆ ನೋಡು ನಂಗೆ."

ನಕ್ಕಳು. ಭಾವ ನಗಲಿಲ್ಲ.

ಚಳ್ಳಕೆರೆಯ ನಮ್ಮ ಹಳೇ ಡಾಕ್ಟರು ಬೆರಳು ಎತ್ತಿ ಹಿಡಿದು, ತಲೆ ಅಲ್ಲಾಡಿಸದೆ ಕಣ್ಣಲ್ಲೇ ಹಿಂಬಾಲಿಸು ಅಂದರು. ಬಲಕ್ಕೆ ಸರಿದ ಬೆರಳಿನ ಹಿಂದೆ ಎಡಗಣ್ಣು ಹೋಯಿತು. ಬಲಗಣ್ಣು ಮೂಗಿನ ಕಡೆಯಿಂದ ಹೊರಗೆ ಬರಲೇ ಇಲ್ಲ. ಅವರು ಎರಡು ಸಲ, ಮೂರು ಸಲ ಮಾಡಿಸಿದರು. ಆಮೇಲೆ ಕುರ್ಚಿಗೆ ಒರಗಿ, "ಇದು ಕಣ್ಣಿನ ತೊಂದರೆ ಅಲ್ಲಮ್ಮ. ಕಣ್ಣಿಗೆ ಬರೋ ನರದ ದಾರೀಲಿ ಏನೋ ಕೂತಿದೆ. ದಾವಣಗೆರೆಗೆ ಹೋಗಿ ಸ್ಕ್ಯಾನ್ ಮಾಡಿಸಿ" ಎಂದರು.

ದಾವಣಗೆರೆಯಲ್ಲಿ ಜೊತೆಗೆ ಹೋದವಳು ನಾನೇ. ಭಾವ ಆಸ್ಪತ್ರೆಯ ಬಾಗಿಲು ಕಂಡರೆ ಹಿಂದಕ್ಕೆ ತಿರುಗುವ ಮನುಷ್ಯ. ಆದರೂ ಬಂದಿದ್ದರು, ಚೀಲ ಹಿಡಿದುಕೊಂಡು ಹಿಂದೆ ಹಿಂದೆ. ಅಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತುಗಾರರು. ಫಿಲ್ಮನ್ನು ಬೆಳಕಿಗೆ ಹಿಡಿದು ನಮಗೆ ತಿಳಿಯುವ ಹಾಗೆ ತೋರಿಸಿದರು. ಮೂಗಿನ ಹಿಂದೆ, ಮೆದುಳಿನ ಕೆಳಗೆ, ಮನೆಗೆ ತಳಪಾಯ ಇದ್ದ ಹಾಗೆ ತಲೆಬುರುಡೆಗೂ ಒಂದು ತಳ ಇರುತ್ತದಂತೆ. ಅಲ್ಲಿ ಒಂದು ಗಡ್ಡೆ. ಪಕ್ಕದ ಮೂಳೆಯನ್ನು ಸ್ವಲ್ಪ ತಿಂದಿದೆ.

ಅಕ್ಕನನ್ನು ಹೊರಗೆ ಕೂರಿಸಿ ಭಾವನನ್ನೂ ನನ್ನನ್ನೂ ಒಳಗೆ ಕರೆದರು. "ಮೂಳೆ ತಿಂದಿದೆ ಅಂದ್ರೆ ಕ್ಯಾನ್ಸರೇ. ಜಾಗ ಕಷ್ಟದ್ದು, ಚಾಕು ಹಾಕೋಕೆ ಆಗಲ್ಲ. ತಡ ಮಾಡೋದು ಬೇಡ, ಕರೆಂಟ್, ಅಂದ್ರೆ ರೇಡಿಯೇಷನ್, ಶುರು ಮಾಡಿಸೋಣ."

ಭಾವ ನನ್ನ ಮುಖ ನೋಡಿದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಹೊರಗೆ ಕೂರಿಸಿದ್ದೇ ಅವಳಿಗೆ ಸಾಕಾಗಿತ್ತು, ಒಳಗೆ ಏನು ಮಾತು ಎಂದು ಊಹಿಸಿಕೊಳ್ಳಲು.

"ಗಡ್ಡೆ ನನ್ನ ತಲೇಲೈತೆ. ಮಾತು ಇವರ ಹತ್ರ ಯಾಕೆ ಸ್ವಾಮಿ?"

ಡಾಕ್ಟರು ಒಳ್ಳೆಯವರು, ಸಿಟ್ಟಾಗಲಿಲ್ಲ. ಅವಳನ್ನೂ ಕೂರಿಸಿ ಅದನ್ನೇ ಇನ್ನೊಂದು ಸಲ ಮೆತ್ತಗೆ ಹೇಳಿದರು. ಅವಳು ಕೇಳಿಸಿಕೊಂಡಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನಿಂದ ಅವರನ್ನೇ ನೋಡುತ್ತ ಕೇಳಿದಳು:

"ಅದರದ್ದು ಒಂದು ತುಂಡು ತೆಗೆದು ನೋಡಿದೀರಾ?"

"ಇಲ್ಲಮ್ಮ, ಫಿಲ್ಮ್‌ನಲ್ಲೇ ಕಾಣುತ್ತಲ್ಲ."

"ಫಿಲ್ಮಲ್ಲಿ ನೆರಳು ಕಾಣ್ತೈತೆ. ಸ್ವಾಮಿ, ನಾವು ನೇಯೋರು. ಎಳೆ ಸುಟ್ಟು ಮೂಸದೆ ರೇಷ್ಮೆಗೆ ರೇಷ್ಮೆ ಅನ್ನಲ್ಲ. ನೀವು ನನ್ನ ತಲೆ ಸುಡೋಕೆ ಹೊರಟಿದೀರಿ. ಅದಕ್ಕೂ ಮುಂಚೆ ಒಂದು ಎಳೆ ತೆಗೀರಿ."

ಹೊರಗೆ ಬಂದ ಮೇಲೆ ತೆಲುಗಿನಲ್ಲಿ ಗೊಣಗುತ್ತಲೇ ಇದ್ದಳು. "ಚೂಡಕುಂಡಾ ಎಟ್ಲಾ ಚೆಪ್ತಾರು?" ನೋಡದೆಯೇ ಹೇಗೆ ಹೇಳುತ್ತಾರೆ? ಬಸ್ಸು ಚಳ್ಳಕೆರೆ ತಲುಪುವ ತನಕ ಅದನ್ನೇ ಬೇರೆ ಬೇರೆ ಧಾಟಿಯಲ್ಲಿ ಕೇಳಿದಳು, ಕೊನೆಗೆ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ.

ಆ ಡಾಕ್ಟರು ಅವಳ ಮಾತಿಗೆ ಒಪ್ಪಿ, ಮುಂದಿನ ವಾರ ಮೂಗಿನ ಒಳಗಿಂದ ಒಂದು ಚೂರು ತೆಗೆದರು ಕೂಡ. ವರದಿ ಬಂತು: ಕ್ಯಾನ್ಸರ್ ಕಾಣಲಿಲ್ಲ, ಬರೀ ಊತದ ಕಣಗಳು. ಆದರೆ ಅವರಿಗೆ ಸಮಾಧಾನ ಆಗಲಿಲ್ಲ. ಚೂರು ಮೇಲುಮೇಲಿನಿಂದ ಬಂದಿದೆ, ಗಡ್ಡೆ ಇನ್ನೂ ಒಳಗಿದೆ, ಕರೆಂಟೇ ವಾಸಿ ಎಂದರು. ಅವರ ಮಾತಿನಲ್ಲಿ ನ್ಯಾಯ ಇಲ್ಲದೆ ಇರಲಿಲ್ಲ. ಕ್ಯಾನ್ಸರೇ ಆಗಿದ್ದರೆ ಒಂದೊಂದು ವಾರ ತಡವೂ ಅವಳ ಆಯುಸ್ಸಿನಿಂದಲೇ ಹೋಗುವುದು. ನನಗೆ ಆಗ ನಿದ್ದೆ ಬರುತ್ತಿರಲಿಲ್ಲ. "ಅಕ್ಕಾ, ಅವರು ಓದಿದೋರು. ಒಪ್ಪಿಕೊಂಬಿಡು" ಅಂದೆ. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. "ಮೇಲಿನ ಎಳೆ ಸುಟ್ಟಿದಾರೆ. ಒಳಗಿನ ಎಳೆ ಸುಟ್ಟು ನೋಡ್ಲಿ. ಆಮೇಲೆ ಅದಕ್ಕೆ ಯಾವ ಹೆಸರಿಟ್ರೂ ಇಟ್ಕೊಳ್ಲಿ, ನಾನು ತಲೆ ಒಡ್ತೀನಿ" ಅಂದಳು. ಒಳಗಿನ ತುಂಡು ತೆಗೆಸಲು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಆ ಡಾಕ್ಟರಿಂದಲೇ ಚೀಟಿ ಬರೆಸಿಕೊಂಡಳು.

ಊರಿಗೆ ಮಾತ್ರ ಅಷ್ಟು ತಾಳ್ಮೆ ಇರಲಿಲ್ಲ. ಆ ಪದವನ್ನು ನಮ್ಮ ಕಡೆ ಬಾಯಿಬಿಟ್ಟು ಯಾರೂ ಅನ್ನುವುದಿಲ್ಲ, 'ಆ ಕಾಯಿಲೆ' ಅನ್ನುತ್ತಾರೆ. ಅನ್ನದೆಯೇ ಅದು ಬೀದಿಯಿಂದ ಬೀದಿಗೆ ಹೋಯಿತು. ನೀರಿಗೆ ಬಂದ ಹೆಂಗಸರು ಅವಳ ಕೊಡದಿಂದ ತಮ್ಮ ಕೊಡವನ್ನು ಸ್ವಲ್ಪ ದೂರ ಇಡುತ್ತಿದ್ದರು. ಅಕ್ಕ ತನ್ನ ಕೊಡವನ್ನು ಎತ್ತಿ ಮತ್ತೆ ಅವರದರ ಪಕ್ಕಕ್ಕೇ ಇಡುತ್ತಿದ್ದಳು.

ಆದರೆ ಸಾವುಕಾರರು ಮಾಡಿದ್ದು ಕೊಡ ಸರಿಸುವಂಥ ಸಣ್ಣ ಮಾತಲ್ಲ. ಮಗ್ಗದ ಮೇಲಿದ್ದ ಸೀರೆಯನ್ನು ಅಕ್ಕ ಬಲಗಣ್ಣಿಗೆ ಹತ್ತಿ ಇಟ್ಟು ಬಟ್ಟೆ ಕಟ್ಟಿಕೊಂಡು ನೇಯ್ದು ಮುಗಿಸಿದ್ದಳು. ಒಂದೇ ಕಣ್ಣಲ್ಲಿ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ. ಸೆರಗಿನ ಹಂಸಗಳು ಒಂದಷ್ಟು ಮುಂದಕ್ಕೆ ವಾಲಿದ್ದವು, ಗಾಳಿಗೆ ಎದುರಾಗಿ ನಡೆದ ಹಾಗೆ. ಸಾವುಕಾರರು ಸೀರೆ ತಿರಸ್ಕರಿಸಿದರು. ಅದು ಸರಿ, ಅವಳೂ ಒಪ್ಪಿದಳು. ಆದರೆ ಮುಂದಿನ ಹಾಸು ಕೊಡಲಿಲ್ಲ.

"ಮದುವೆ ಸೀರೆ ಕಣಮ್ಮ ಇವು. ಉಟ್ಕೊಳ್ಳೋ ಹುಡುಗಿ ಮನೆಯೋರು ನಾಳೆ ಕೇಳ್ತಾರೆ, ಯಾರ ಕೈಯಿಂದ ಬಂತು ಅಂತ. ಹುಷಾರಾಗು, ಆಮೇಲೆ ನೋಡಣ."

ಸಾಯುವ ಕೈ ಅಂತ ಅವರು ಅನ್ನಲಿಲ್ಲ. ಅಲ್ಲಿದ್ದವರಿಗೆಲ್ಲ ಕೇಳಿಸಿತು. ಅಕ್ಕ ಆ ಹಂಸದ ಸೀರೆಯನ್ನು ಮಡಿಚಿ ಕಂಕುಳಿಗೆ ಸಿಕ್ಕಿಸಿಕೊಂಡು, "ಇದು ನಂಗೇ ಇರ್ಲಿ. ಬೆಂಗಳೂರಿಗೆ ಉಟ್ಕೊಂಡು ಹೋಗೋಕೆ ಒಂದು ಸೀರೆ ಬೇಕಿತ್ತು" ಅಂದಳು.

ಉಟ್ಟುಕೊಂಡೇ ಹೋದಳು. ಹಿರಿಯೂರಿನ ಮೇಲೆ ಹೋಗುವ ಬಸ್ಸಿನಲ್ಲಿ, ರೇಷ್ಮೆ ಸೀರೆ ಉಟ್ಟು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ಪಕ್ಕ. ದಾವಣಗೆರೆಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ ಕೊಟ್ಟಿದ್ದರು, ಸುಣ್ಣದ ಡಬ್ಬಿಯಷ್ಟೂ ಇಲ್ಲ. ಬಿಸಿಲಿಗೆ ಕರಗೀತು ಎಂದು ನಾನು ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಅವಳು, "ನನ್ನ ತಲೆ ಹುಷಾರು ಕಣೇ, ಬೀಳಿಸೀಯ" ಎಂದು ತಮಾಷೆ ಮಾಡುತ್ತಿದ್ದಳು.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ಮಾತು ಕಡಿಮೆ. ಫಿಲ್ಮುಗಳನ್ನು ಬಹಳ ಹೊತ್ತು ನೋಡಿದರು. ಅಕ್ಕನ ಕೆನ್ನೆಯನ್ನು ಹತ್ತಿಯ ಎಳೆಯಿಂದ ಸವರಿ ಎಲ್ಲಿ ತಿಳಿಯುತ್ತೆ, ಎಲ್ಲಿ ತಿಳಿಯಲ್ಲ ಎಂದು ಕೇಳಿದರು. ಕೊನೆಗೆ, "ನೀವು ಕೇಳಿದ್ದು ಸರಿ. ಒಳಗಿನ ತುಂಡು ಬೇಕು" ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಆದರೆ ಆ ಜಾಗದ ಪಕ್ಕದಲ್ಲೇ ಮೆದುಳಿಗೆ ಹೋಗೋ ದೊಡ್ಡ ರಕ್ತನಾಳ ಇದೆ. ಕಣ್ಣಿನ ನರ ಇದೆ. ಕೈ ತಪ್ಪಿದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ತೆಗೆದು ನೋಡಿದ ಮೇಲೆ ಕ್ಯಾನ್ಸರೇ ಅಂತ ಬಂದರೂ ಬರಬಹುದು."

ಭಾವ ಚೀಲವನ್ನು ನೆಲಕ್ಕಿಟ್ಟರು. "ಬ್ಯಾಡ ಕಣೇ. ಕರೆಂಟೇ ಕೊಡ್ಸಣ. ಇದ್ದಷ್ಟು ದಿನ ಇರು."

ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಇದ್ದಷ್ಟು ದಿನ ಏನ್ ಮಾಡ್ಲಿ? ಎರಡೆರಡು ಲಾಳಿ ನೋಡ್ಕೊಂಡು ಕೂತ್ಕಳ್ಲಾ?" ಅಂದಳು ಅಕ್ಕ. ಆಮೇಲೆ ಸ್ವಲ್ಪ ತಗ್ಗಿಸಿ, "ನೀನು ಅಂಚಿನ ಲಾಳಿ ಎಸಿ. ನಡುವಿಂದು ನಂಗೆ ಬಿಡು" ಅಂದಳು. ಡಾಕ್ಟರಮ್ಮನ ಕಡೆ ತಿರುಗಿದಳು. "ತೆಗೀರಿ ತಾಯಿ."

ಆಪರೇಷನ್ನಿನ ಬೆಳಿಗ್ಗೆ ಅವಳ ಮೂಗಿನ ಬೇಸರಿ ತೆಗೆಯುವುದೇ ಕಷ್ಟವಾಯಿತು. ಮದುವೆಯಾದಂದಿನಿಂದ ತೆಗೆದೇ ಇರಲಿಲ್ಲವಂತೆ. ನರ್ಸಮ್ಮ ಎಣ್ಣೆ ಹಚ್ಚಿ ತಿರುಗಿಸಿ ತೆಗೆದು ನನ್ನ ಅಂಗೈಗೆ ಹಾಕಿದಳು. ಅವರು ಒಳಗೆ ಕರೆದುಕೊಂಡು ಹೋದ ಮೇಲೆ ಭಾವ ಆಸ್ಪತ್ರೆಯ ಬೇವಿನ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತರು. ಬಲಗೈ ಮಾತ್ರ ಸುಮ್ಮನಿರಲಿಲ್ಲ, ತೊಡೆಯ ಮೇಲೆ ಈಚೆಯಿಂದ ಆಚೆ, ಆಚೆಯಿಂದ ಈಚೆ ಹೋಗಿ ಬರುತ್ತಿತ್ತು. ಲಾಳಿ ಎಸೆಯುತ್ತಿದ್ದಾರೆ ಎಂದು ನನಗೆ ಆಮೇಲೆ ಹೊಳೆಯಿತು. ಬೇಸರಿ ನನ್ನ ಮುಷ್ಟಿಯಲ್ಲಿ ಬೆವರಿಗೆ ಅಂಟಿಕೊಂಡಿತ್ತು.

ಅವಳು ಕಣ್ಣು ಬಿಟ್ಟಾಗ ಮೂಗಿನ ತುಂಬ ಬಟ್ಟೆ ತುರುಕಿದ್ದರು. ಅದರೊಳಗಿಂದಲೇ ಗುಂಯ್‌ಗುಟ್ಟುತ್ತ ಕೇಳಿದ ಮೊದಲ ಮಾತು, "ನನ್ನ ಬೇಸರಿ ಎಲ್ಲೇ?"

ವರದಿಗೆ ಕಾಯುವ ದಿನಗಳಲ್ಲಿ ಬಸವನಗುಡಿ ಕಡೆ ನಮ್ಮನೆಯವರ ದೂರದ ನೆಂಟರ ಮನೆಯಲ್ಲಿ ಉಳಿದುಕೊಂಡಿದ್ದೆವು. ಅವರ ಮನೆಯ ಅಕ್ಕಿಯನ್ನೂ ಅಕ್ಕ ಮೂಸಿ ನೋಡಿದಳು; ಮೂಗಿನಲ್ಲಿ ವಾಸನೆ ಇನ್ನೂ ಬಂದಿರಲಿಲ್ಲ, ಬಾಯಿಗೆ ಹಾಕಿಕೊಂಡು ಕಡಿದು, "ಹಳೇದೈತೆ, ಒಳ್ಳೇದೇ" ಎಂದು ಸರ್ಟಿಫಿಕೇಟು ಕೊಟ್ಟಳು.

ಡಾಕ್ಟರಮ್ಮ ನಮ್ಮ ಮೂವರನ್ನೂ ಒಟ್ಟಿಗೆ ಕೂರಿಸಿ ಹೇಳಿದರು. "ಕ್ಯಾನ್ಸರ್ ಇಲ್ಲ. ಕ್ಷಯ ಇಲ್ಲ. ಬೂಷ್ಟಿನ ಜಾತಿಯದೂ ಇಲ್ಲ. ಎಲ್ಲಾ ನೋಡಿಸಿದೀವಿ."

"ಹಂಗಾರೆ ಏನದು?" ಅಂದರು ಭಾವ.

"ಊತ. ಮೈ ಕಾಯಬೇಕಾದ ಕಣಗಳೇ ಅಲ್ಲಿ ಬಂದು ಗುಂಪುಕಟ್ಟಿ ಗಂಟಾಗಿವೆ. ನೋಡೋಕೆ ಗಡ್ಡೆ ಥರಾನೇ, ಮೂಳೆನೂ ತಿನ್ನುತ್ತೆ, ನರಾನೂ ಒತ್ತುತ್ತೆ. ಆದರೆ ಕರೆಂಟ್ ಬೇಡ, ಮಾತ್ರೆಗೆ ಇಳಿಯೋ ಸಂಭವ ಇದೆ. ಬಹಳ ಅಪರೂಪ ಇದು. ನಾನೇ ಹೆಚ್ಚು ನೋಡಿಲ್ಲ."

"ಯಾಕೆ ಬಂತು ತಾಯಿ?" ಅಕ್ಕ ಕೇಳಿದಳು.

"ಗೊತ್ತಿಲ್ಲ."

ಅಕ್ಕನ ಮುಖ ಅರಳಿತು. "ಗೊತ್ತಿಲ್ಲ ಅಂದ್ರಲ್ಲ. ಇನ್ನು ನೀವು ಏನು ಕೊಟ್ರೂ ನುಂಗ್ತೀನಿ."

ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ಮೊದಲು ಹೆಚ್ಚಿಗೆ, ಆಮೇಲೆ ನಿಧಾನಕ್ಕೆ ಇಳಿಸುತ್ತ ಹೋಗಬೇಕು, ತಾನಾಗಿ ನಿಲ್ಲಿಸಕೂಡದು ಎಂದು ಒತ್ತಿ ಒತ್ತಿ ಹೇಳಿದರು. ಕೆಲವೇ ದಿನಕ್ಕೆ ಕಣ್ಣಿನ ಹಿಂದಿನ ಮೊಳೆ ಸಡಿಲವಾಯಿತು. ಕಣ್ಣು ಮಾತ್ರ ತಡಮಾಡಿತು. ಮೂಗಿನ ಕಡೆಗೇ ಅಂಟಿದ್ದದ್ದು ದಿನಕ್ಕೆ ಒಂಚೂರು ಒಂಚೂರು ಹೊರಗೆ ಹೊರಟಿತು. ನಾನು ದಿನಾ ಬೆಳಿಗ್ಗೆ ಚಳ್ಳಕೆರೆ ಡಾಕ್ಟರ ಹಾಗೆ ಬೆರಳು ಎತ್ತಿ ಹಿಡಿಯುವುದು, ಅವಳು ಹಿಂಬಾಲಿಸುವುದು. ಒಂದು ದಿನ ಅವಳೇ ಓಡಿ ಬಂದು, "ಬೆರಳು ಬ್ಯಾಡ, ಬಾ ಇಲ್ಲಿ" ಎಂದು ಮಗ್ಗದ ಹತ್ತಿರ ಎಳೆದುಕೊಂಡು ಹೋದಳು. ಖಾಲಿ ಮಗ್ಗದ ಮೇಲೆ ಒಂದೇ ಒಂದು ಎಳೆ ಎಳೆದು ಕಟ್ಟಿದ್ದಳು. "ಒಂದು!" ಅಂದಳು. "ಎರಡೂ ಕಣ್ಣು ಬಿಟ್ಟೂ ಒಂದು!"

ಹಸಿವು ಮಾತ್ರ ವಿಪರೀತ. ಮಾತ್ರೆಯ ಗುಣವಂತೆ ಅದು. ಹೊತ್ತಲ್ಲದ ಹೊತ್ತಿಗೆ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಏನೈತೆ ತಿನ್ನೋಕೆ?" ಮಂಡಕ್ಕಿ, ತಂಗಳು ಮುದ್ದೆ, ಕಾರದ ಪುಡಿ ಹಚ್ಚಿದ ರೊಟ್ಟಿ, ಏನಿದ್ದರೂ ಆಗಬೇಕು. ಮುಖ ತಟ್ಟೆಯ ಹಾಗೆ ದುಂಡಗಾಯಿತು. ಸಂತೆಯಲ್ಲಿ ಹೂವಿನವಳು, "ಏನಕ್ಕ, ಬೆಂಗಳೂರ ನೀರು ಹತ್ತಿದಂಗೈತೆ" ಅಂದರೆ, "ಹೂಂ ಕಣವ್ವ, ಸಾಯೋಕೆ ಹೋಗಿದ್ದೆ, ದಪ್ಪಗಾಗಿ ಬಂದೆ" ಅನ್ನುವಳು.

ಹಂಸದ ಸೀರೆ ಉಟ್ಟು, ಬೇಸರಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಸಾವುಕಾರರ ಅಂಗಡಿಗೆ ಹೋದಳು. ಅಲ್ಲಿ ಚಳ್ಳಕೆರೆಯಿಂದ ಮದುವೆಗೆ ಜವಳಿ ಕೊಳ್ಳಲು ಬಂದವರು ಕೂತಿದ್ದರು.

"ಹಾಸು ಕೊಡ್ರಿ ಸಾವ್ಕಾರ್ರೆ."

ಅವರು ಬಂದವರ ಕಡೆ ನೋಡಿ ತಡವರಿಸಿದರು. "ಅದೇನೋ ಕಾಯಿಲೆ ಅಂದಿದ್ರಲ್ಲಮ್ಮ..."

"ಅಂದಿದ್ರು. ಸುಟ್ಟು ನೋಡಿದ್ರು. ಅಲ್ಲ ಅಂತ ಬಂತು. ಸಮಾಧಾನಕ್ಕೆ ಅಂತ ಹತ್ತಿ ಹಾಸು ಕೊಡಬ್ಯಾಡ್ರಿ. ನಂಗೆ ಮದುವೆ ಸೀರೆ ಹಾಸೇ ಬೇಕು, ದೊಡ್ಡ ಅಂಚಿಂದು."

ಗಿರಾಕಿಗಳಲ್ಲಿ ಒಬ್ಬ ಮುದುಕಿ ಅವಳ ಸೆರಗು ಹಿಡಿದು ನೋಡುತ್ತಿದ್ದಳು. "ಹಂಸ ಯಾಕವ್ವ ವಾಲಿದಾವೆ?" ಅಂದಳು.

"ಗಾಳಿ ಜೋರಿತ್ತಜ್ಜಿ ಆಗ."

ಅಜ್ಜಿ ನಕ್ಕಳು. ಸಾವುಕಾರರು ಹಾಸು ಕೊಟ್ಟರು. ಅಕ್ಕ ಅವರ ದೀಪದಲ್ಲೇ ಒಂದು ಎಳೆ ಸುಟ್ಟು ಮೂಸಿಯೇ ತೆಗೆದುಕೊಂಡಳು.

ಇಷ್ಟೆಲ್ಲ ಮಾಡಿದವಳು ಒಂದೇ ಒಂದು ಮಾತನ್ನು ಮಾತ್ರ ಸುಟ್ಟು ನೋಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳ ಅತ್ತಿಗೆ, ಭಾವನ ಒಡಹುಟ್ಟಿದ ಅಕ್ಕ, ರಾಂಪುರದಿಂದ ಬಂದರು. ನಮ್ಮ ಕಡೆಯ ಚೈತ್ರದ ಬಿಸಿಲು, ಬಂಡೆಗಳು ಸಂಜೆಯಾದರೂ ಕಾವು ಉಗುಳುತ್ತಿರುತ್ತವೆ. ಅವರು ಮಾತ್ರೆಯ ಡಬ್ಬಿ ನೋಡಿ, "ಈ ಕಾಲದಾಗೆ ಉಷ್ಣದ ಮಾತ್ರೆ ನುಂಗ್ತಾರೇನೇ? ಮುಖ ನೋಡು ಹೆಂಗೆ ಊದೈತೆ. ಒಂದು ಮಳೆ ಬೀಳೋವರ್ಗೂ ಬಿಟ್ಟಿರು" ಅಂದರು. ಅಕ್ಕ ಬಿಟ್ಟಳು. ನನಗೂ ಅದು ತಪ್ಪೆನಿಸಲಿಲ್ಲ. ಇಲ್ಲಿ ಹುಟ್ಟಿದ ಯಾರಿಗೂ ಉಷ್ಣದ ಮಾತನ್ನು ಪರೀಕ್ಷೆ ಮಾಡಬೇಕು ಎಂದು ಹೊಳೆಯುವುದಿಲ್ಲ.

ಎದ್ದರೆ ತಲೆಸುತ್ತು, ತಿಂದದ್ದೆಲ್ಲ ವಾಂತಿ, ಕೈಯಲ್ಲಿ ಲಾಳಿ ಎತ್ತಲೂ ಬಲವಿಲ್ಲ. ಅದೂ ಬಿಸಿಲಿನದೇ ಅಂದುಕೊಂಡೆವು. ಆಮೇಲೊಂದು ದಿನ ನಾನು ಮಜ್ಜಿಗೆ ಲೋಟ ಚಾಚಿದರೆ ಅವಳ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಎರಡು ಲೋಟ ಐತೆ ಕಣೇ," ಅಂದಳು. ಆ ಸಲ ನಗಲಿಲ್ಲ.

ಚಳ್ಳಕೆರೆ ಡಾಕ್ಟರು ಅವತ್ತೇ ಸೂಜಿ ಹಾಕಿ, ಬಾಟಲಿ ಏರಿಸಿ, ಬೆಂಗಳೂರಿಗೆ ಕಳಿಸಿದರು. ಡಾಕ್ಟರಮ್ಮ ಬೈಯಲಿಲ್ಲ. "ಹೋದ ಸಲ ನಿಮ್ಮ ಹಠದಿಂದ ಉಳಿದಿರಿ. ಈ ಸಲ ಯಾರ ಮಾತು ಕೇಳಿದಿರಿ?" ಅಂದರು ಅಷ್ಟೆ. ಅಕ್ಕ ತಲೆ ತಗ್ಗಿಸಿದಳು. ತಗ್ಗಿಸಿಕೊಂಡೇ, "ಬಿಸಿಲಿನ ಮಾತು" ಅಂದಳು. ಆಮೇಲೆ ತಲೆ ಎತ್ತಿ, "ಕಣ್ಣು ವಾಪಸ್ ಬರ್ತೈತಾ? ಅದ್ನ ಹೇಳ್ರಿ. ಬೈಯೋದು ಆಮೇಲೆ ಬೈಯುವಂತ್ರಿ, ನಾನು ಎಲ್ಲೂ ಓಡೋಗಲ್ಲ" ಅಂದಳು.

ಬಂತು. ಮೊದಲಿನಷ್ಟು ಬೇಗ ಬರಲಿಲ್ಲ, ಪೂರ್ತಿಯೂ ಬರಲಿಲ್ಲ. ತೀರ ಬಲಕ್ಕೆ ನೋಡಿದರೆ ಎರಡೇ ಕಾಣುತ್ತಿತ್ತು, ಕೊನೆಯವರೆಗೂ. ಮಗ್ಗವನ್ನು ಒಂಚೂರು ತಿರುಗಿಸಿ ಹಾಕಿಸಿಕೊಂಡಳು, ಬಲಕ್ಕೆ ನೋಡುವುದೇ ಬೇಡವಾಗುವ ಹಾಗೆ. ಭಾವ ತಮ್ಮ ಕೂರುವ ಜಾಗ ಬದಲಾಯಿಸಿದರು. ಇನ್ನೊಂದು ಬಗೆಯ ಮಾತ್ರೆಯೂ ಸೇರಿತು, ಅದಕ್ಕಾಗಿ ಆಗಾಗ ಚಳ್ಳಕೆರೆಯಲ್ಲಿ ರಕ್ತ ಪರೀಕ್ಷೆ. ಗೋಡೆಯಾಚೆಯ ಸದ್ದು ಸ್ವಲ್ಪ ಬೇರೆಯಾಯಿತು, ಆದರೆ ನಿಲ್ಲಲಿಲ್ಲ. ಆ ಮಗ್ಗದಿಂದ ಇಳಿದ ಸೀರೆ ಉಟ್ಟು ಹಸೆ ಏರಿದ ಹುಡುಗಿಯರು ಈಗ ಮಕ್ಕಳ ತಾಯಂದಿರು. ಬೇಸಿಗೆ ಬಂದಾಗಲೆಲ್ಲ ಅವಳು ನಮ್ಮನೆ ಜಗುಲಿ ಮೇಲೆ ಕೂತು, ಬೀದಿಯವರಿಗೆಲ್ಲ ಕಾಣುವ ಹಾಗೆ ಮಾತ್ರೆ ನುಂಗುತ್ತಿದ್ದಳು.

ಅವಳು ಹೋದದ್ದು ಎದೆನೋವಿನಿಂದ. ಬೆಳಗಿನ ಹೊತ್ತು, ಒಲೆಯ ಮುಂದೆ, ಚಹಾ ಸೋಸುತ್ತ. ಚಳ್ಳಕೆರೆ ಡಾಕ್ಟರ ಮಗ, ಈಗ ಅವನೂ ಡಾಕ್ಟರು, ಬಂದು ನೋಡಿ ಹೃದಯ ಅಂದ. ಬೇಸರಿಯನ್ನು ತೆಗೆಯಲು ಹೋದವರಿಗೆ ಭಾವ ಕೈ ಅಡ್ಡ ಹಿಡಿದರು. ಹಂಸದ ಸೀರೆಯನ್ನೇ ಉಡಿಸಿದೆವು.

ಇವತ್ತು ಊಟದ ಪಂಕ್ತಿಯಲ್ಲಿ ರಾಂಪುರದ ಆ ಅತ್ತಿಗೆ, ಈಗ ಅವರಿಗೆ ಹಲ್ಲಿಲ್ಲ, ಪಕ್ಕದವರಿಗೆ ಹೇಳುತ್ತಿದ್ದರು: "ತಲೇಲಿ ಆ ಕಾಯಿಲೆ ಇತ್ತಲ್ಲ ಆಯಮ್ಮಂಗೆ. ಎಷ್ಟು ದಿನ ಆಟ ಆಡ್ಸಿದ್ರೂ ಕೊನೆಗೆ ತಗಂಡೇ ಹೋಯ್ತು ನೋಡು."

ನಾನು ಸಾರಿನ ಬಕೆಟ್ಟು ಹಿಡಿದು ಅವರ ಎದುರಿಗೇ ಇದ್ದೆ. ಬಕೆಟ್ಟು ಕೆಳಗಿಟ್ಟೆ.

"ಆ ಕಾಯಿಲೆ ಇರ್ಲಿಲ್ಲ," ಅಂದೆ.

"ಅಯ್ಯೋ, ಎಲ್ರಿಗೂ ಗೊತ್ತೈತೆ ಬಿಡವ್ವ."

"ಎಲ್ರಿಗೂ ಅಂದ್ರೆ ಯಾರಿಗೆ? ಯಾರು ನೋಡಿದಾರೆ? ಮೇಲಿನ ಎಳೆ ತೆಗೆದು ನೋಡಿದ್ರು, ಇರ್ಲಿಲ್ಲ. ಜೀವ ಒತ್ತೆ ಇಟ್ಟು ಒಳಗಿನ ಎಳೆ ತೆಗೆಸಿದ್ಲು, ಇರ್ಲಿಲ್ಲ. ಊತದ ಗಂಟು ಅದು. ಅದನ್ನ ಮಾತ್ರೇಲಿ ಇಳಿಸಿ, ಎದೆನೋವು ಬರೋವರ್ಗೂ ಸೀರೆ ನೇಯ್ದಿದಾಳೆ. ಒಂದೇ ಸಲ ಅದು ತಿರುಗಿ ಬಂದದ್ದು, ನಿಮ್ಮ ಮಾತು ಕೇಳಿ ಮಾತ್ರೆ ಬಿಟ್ಟಾಗ. ಅವಳು ನಿಮ್ಮನ್ನ ಒಂದು ಮಾತೂ ಅನ್ಲಿಲ್ಲ. ಇವತ್ತು ಅವಳ ಎಲೆ ಮುಂದೆ ಕೂತು ಅವಳಿಗೆ ಇಲ್ಲದ ಹೆಸರು ಇಡಬ್ಯಾಡ್ರಿ."

ಪಂಕ್ತಿಯವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಎಡಗೈ ಸೊಂಟದ ಮೇಲಿದೆ ಎಂದು ಆಮೇಲೆ ಗೊತ್ತಾಯಿತು. ಅತ್ತಿಗೆ ಎಲೆಯನ್ನು ಒಂಚೂರು ಮುಂದೆ ಸರಿಸಿ, "ಸಾರು ಹಾಕು" ಅಂದರು. ಹಾಕಿದೆ.

ಸಂಜೆ ಭಾವನನ್ನು ನಮ್ಮನೆಗೇ ಊಟಕ್ಕೆ ಕರೆದೆ. ಹನ್ನೊಂದು ದಿನದಿಂದ ಅವರಿಗೆ ಸರಿಯಾದ ನಿದ್ದೆ ಇಲ್ಲ. ಗೋಡೆಯಾಚೆ ಹೊರಳಾಡುವುದು ನನಗೆ ಕೇಳಿಸುತ್ತಿತ್ತು. ಬಂದವರು ರಾಟೆಯ ಮೇಲಿದ್ದ ಹೊಸ ಲಡಿಯನ್ನು ಮುಟ್ಟಿ ನೋಡಿದರು.

"ಸುಟ್ಟು ನೋಡಿದ್ಯಾ?"

"ಇಲ್ಲ ಭಾವ. ಹಂಗೇ ಸುತ್ತಿಬಿಟ್ಟೆ."

ಅವರು ಒಂದು ಎಳೆ ಕಿತ್ತು ದೇವರ ದೀಪಕ್ಕೆ ಹಿಡಿದು, ಮೂಸಿ, ಬೂದಿಯನ್ನು ಬೆರಳಲ್ಲಿ ತಿಕ್ಕಿ, ಬೆರಳನ್ನು ನನ್ನ ಮೂಗಿನ ಹತ್ತಿರ ತಂದರು. ಕೂದಲು ಸುಟ್ಟ ವಾಸನೆ.

"ರೇಷ್ಮೆನೇ," ಅಂದರು.

ರಾಗಿ ಮುದ್ದೆ, ಮಧ್ಯಾಹ್ನದ ಬೇಳೆಸಾರು, ಉಳಿದ ವಡೆ, ನೀರು ಮಜ್ಜಿಗೆ ಉಂಡೆವು. ಭಾವ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು. ನಮ್ಮನೆಯವರು ಬೀಡಿ ಹಚ್ಚಲು ಹೊರಗೆ ಹೋದರು, ನಾನು ತಟ್ಟೆ ಎತ್ತಿ ನೆಲ ಒರೆಸಿ ಬಂದೆ. ಅಷ್ಟರಲ್ಲಿ ಜಗುಲಿಯ ಮೇಲೆ, ಅವಳು ಕೂತು ಮಾತ್ರೆ ನುಂಗುತ್ತಿದ್ದ ಜಾಗದಲ್ಲಿ, ತಲೆಗೆ ಟವೆಲ್ಲು ಮಡಿಚಿ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಭಾವ ಮಲಗಿ ನಿದ್ದೆ ಹೋಗಿದ್ದರು.